ಸೂಜಿ ಬೇಡ, ಲೂಮ್ ಸಾಕು: ಬಣ್ಣ ಮತ್ತು ಉಬ್ಬುತಗ್ಗಿನ ಸ್ಕಾರ್ಫ್, ಶಾಲು ಹೆಣೆಯುವ ಪೂರ್ತಿ ವಿಧಾನ

ಸೂಜಿಯ ಬದಲು ಗೂಟಗಳ ಚೌಕಟ್ಟಿನ ಮೇಲೆ ಉಲ್ಲನ್ ಹೆಣೆಯುವ ಲೂಮ್ ನಿಟ್ಟಿಂಗ್ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಗುವ ವಿಧಾನಗಳೆಲ್ಲ ಹೆಚ್ಚುಕಮ್ಮಿ ಹಿಮ ಬೀಳುವ ಊರಿನವರಿಗಾಗಿ ಬರೆದಿರುವಂಥವು. ಅದನ್ನೇ ನೋಡಿಕೊಂಡು ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೆಣೆದರೆ ಬೆಂಗಳೂರಿನಲ್ಲಿ ಆ ಸ್ಕಾರ್ಫ್ ಬೀರು ಬಿಟ್ಟು ಹೊರಗೆ ಬರುವುದೇ ಇಲ್ಲ. ನಮ್ಮೂರಿನ ದಾಖಲೆ ಚಳಿ ಅಂದರೆ 1884ರ ಜನವರಿಯಲ್ಲಿ ಬಂದ 7.8 ಡಿಗ್ರಿ. ಈಗ ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ಪಾರ್ಕಿನಲ್ಲಿ ಮಂಕಿ ಕ್ಯಾಪ್‌ಗಳ ಮೆರವಣಿಗೆ. ನಮಗೆ ಬೇಕಾಗಿರುವುದು ಸ್ಕೂಟರಿನಲ್ಲಿ ಹೋಗುವಾಗ ಕತ್ತಿಗೆ ಗಾಳಿ ತಾಗದಂಥ ಒಂದು ಸ್ಕಾರ್ಫ್, ಇಲ್ಲಾ ಆಫೀಸಿನ ಏಸಿಗೆ ಹೆಗಲ ಮೇಲೆ ಹಾಕಿಕೊಳ್ಳುವ ಒಂದು ಶಾಲು. ಹಗುರವಾಗಿರಬೇಕು, ಮಡಚಿದರೆ ಬ್ಯಾಗಿಗೆ ಹೋಗಬೇಕು, ನೋಡೋಕೆ ಚೆನ್ನಾಗಿರಬೇಕು. ಅಷ್ಟೇ.

ಚೆನ್ನಾಗಿರೋದು ಅಂದಾಗ ಎಲ್ಲರೂ ಒಂದೇ ಶಾಲಿನಲ್ಲಿ ಐದು ಬಣ್ಣ, ಆರು ಡಿಸೈನ್ ತುರುಕುತ್ತಾರೆ. ನನ್ನ ಪ್ರಕಾರ ಅದೇ ತಪ್ಪು. ಲೂಮ್‌ನ ಹೆಣಿಗೆ ಮೊದಲೇ ದೊಡ್ಡ ದೊಡ್ಡ ಕುಣಿಕೆಯದ್ದು, ಕಣ್ಣಿಗೆ ಎದ್ದು ಕಾಣುತ್ತದೆ. ಬಣ್ಣ ಜೋರಾಗಿದ್ದರೆ ಹೆಣಿಗೆ ಸಾದಾ ಇರಲಿ. ಉಬ್ಬುತಗ್ಗಿನ ಡಿಸೈನ್ ಬೇಕಿದ್ದರೆ ಬಣ್ಣ ಒಂದೇ ಇರಲಿ, ಅದೂ ತಿಳಿ ಬಣ್ಣ, ಯಾಕೆಂದರೆ ಕಪ್ಪು, ಕಡುನೀಲಿಯಲ್ಲಿ ಎಷ್ಟು ಕಷ್ಟಪಟ್ಟು ಡಿಸೈನ್ ಹಾಕಿದರೂ ನೆರಳು ಬೀಳದೆ ಎಲ್ಲ ಸಪಾಟಾಗಿ ಕಾಣುತ್ತದೆ. ಕೆಳಗಿನ ಮೂರೂ ನಮೂನೆಗಳನ್ನು ಈ ಲೆಕ್ಕದಲ್ಲೇ ಕೊಟ್ಟಿದ್ದೇನೆ.

ಏನೇನು ಬೇಕು

ಇಲ್ಲಿ ಲೂಮ್ ಅಂದರೆ ನೇಕಾರರ ಮಗ್ಗ ಅಲ್ಲ. ಸುತ್ತ ಪೆಗ್‌ಗಳು, ಅಂದರೆ ಸಣ್ಣ ಗೂಟಗಳು ಇರುವ ಪ್ಲಾಸ್ಟಿಕ್ ಬಳೆ, ಅಥವಾ ಎರಡು ಸಾಲು ಪೆಗ್ ಇರುವ ಉದ್ದನೆಯ ಚೌಕಟ್ಟು. ಆನ್‌ಲೈನ್‌ನಲ್ಲಿ ನಾಲ್ಕು ದುಂಡು ಲೂಮ್‌ಗಳ ಸೆಟ್ ಸಿಗುತ್ತದೆ, ಸಾಮಾನ್ಯವಾಗಿ 24, 31, 36, 41 ಪೆಗ್‌ಗಳದ್ದು. ದುಂಡಗಿದ್ದರೆ ಟೋಪಿ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಸುತ್ತು ಪೂರ್ತಿ ಮಾಡದೆ ಕೊನೆಯ ಪೆಗ್‌ನಿಂದ ವಾಪಸ್ ತಿರುಗಿದರೆ ಚಪ್ಪಟೆ ಬಟ್ಟೆ ಬರುತ್ತದೆ. ಸ್ಕಾರ್ಫ್, ಶಾಲು ಎರಡೂ ಹಾಗೇ ಹೆಣೆಯುವುದು.

ಪೆಗ್‌ಗಳ ನಡುವಿನ ಅಂತರ ನೋಡಿ ತಗೊಳ್ಳಿ. ಈ ಸೆಟ್‌ಗಳಲ್ಲಿ ಒಂದು ಪೆಗ್‌ನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಮುಕ್ಕಾಲು ಇಂಚಿನ ಆಸುಪಾಸು ಇರುತ್ತದೆ. ಅಂತರ ಜಾಸ್ತಿ ಇದ್ದಷ್ಟೂ ಹೆಣಿಗೆ ಜಾಳು. ಅರ್ಧ ಇಂಚು, ಅದಕ್ಕಿಂತ ಇನ್ನೂ ಚಿಕ್ಕ ಅಂತರದ ಲೂಮ್‌ಗಳೂ ಇವೆ. ಬಟ್ಟೆ ನಯವಾಗಿ ಬರುತ್ತದೆ, ಕೆಲಸ ನಿಧಾನ. ಮೊದಲ ಶಾಲಿಗೆ ದೊಡ್ಡ ಅಂತರದ ಲೂಮೇ ಸಾಕು. ಜೊತೆಗೆ ಬರುವ ಬಾಗಿದ ಕೊಕ್ಕೆ ಇದ್ದೇ ಇರುತ್ತದೆ. ಅದರ ಮೊನೆ ಒರಟಾಗಿದ್ದರೆ ದಾರದ ಎಳೆ ಸಿಕ್ಕಿಕೊಳ್ಳುತ್ತದೆ, ಉಗುರಿನ ಅರದಿಂದ ಸ್ವಲ್ಪ ಉಜ್ಜಿ ನಯ ಮಾಡಿಕೊಳ್ಳಿ. ಇನ್ನೊಂದು ಕ್ರೋಶಾ ಕಡ್ಡಿ, ಮೊನೆ ಮೊಂಡಾದ ದೊಡ್ಡ ಕಣ್ಣಿನ ಸೂಜಿ, ಟೇಪು, ಕತ್ತರಿ. ಅಡುಗೆಮನೆಯ ತೂಕದ ಯಂತ್ರವೂ ಇದ್ದರೆ ತುಂಬಾ ಉಪಯೋಗ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನು ದಾರ. ಚಿಕ್ಕಪೇಟೆ, ಅವೆನ್ಯೂ ರೋಡ್ ಸುತ್ತಮುತ್ತಲ ಕಸೂತಿ ಸಾಮಾನಿನ ಅಂಗಡಿಗಳಲ್ಲಿ ವರ್ಧಮಾನ್, ಗಂಗಾ, ಓಸ್ವಾಲ್ ಥರದ ಅಕ್ರಿಲಿಕ್ ಉಲ್ಲನ್ ಉಂಡೆಗಳು ಸಿಗುತ್ತವೆ. ಅಕ್ರಿಲಿಕ್ ಹಗುರ, ತೊಳೆಯೋದು ಸುಲಭ, ಹುಳ ಹಿಡಿಯಲ್ಲ. ಆದರೆ ಉಜ್ಜಿದ ಕಡೆ ಗುಂಜು ಏಳುತ್ತದೆ ಮತ್ತು ಬಿಸಿ ತಾಗಿದರೆ ಕೆಟ್ಟುಹೋಗುತ್ತದೆ. ಹತ್ತಿ ದಾರ ನಮ್ಮ ಹವೆಗೆ ಒಳ್ಳೆಯದೇ, ಆದರೆ ಭಾರ ಮತ್ತು ಎಳೆತ ಕಮ್ಮಿ, ಕೊಕ್ಕೆ ಹಾಕುವಾಗ ಬೆರಳು ನೋಯುತ್ತದೆ. ವೆಲ್ವೆಟ್ ಥರದ ನುಣುಪು ದಾರ ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತದೆ, ಅದನ್ನು ಮೊದಲ ಸಲಕ್ಕೆ ಖಂಡಿತ ಬೇಡ; ಕುಣಿಕೆ ಯಾವುದು ಅಂತಾನೇ ಗೊತ್ತಾಗಲ್ಲ, ಜಾರಿತು ಅಂದರೆ ಹುಡುಕೋಕೂ ಆಗಲ್ಲ. ನಮ್ಮ ಕಂಬಳಿಯ ಉಣ್ಣೆ ಗಟ್ಟಿಮುಟ್ಟು, ಆದರೆ ಕತ್ತಿಗೆ ಚುಚ್ಚುತ್ತದೆ.

ದೊಡ್ಡ ಅಂತರದ ಲೂಮ್‌ಗೆ ಸಾಧಾರಣ ದಪ್ಪದ ದಾರವನ್ನು ಎರಡೆಳೆ ಜೋಡಿಸಿ ಹೆಣೆಯಬೇಕು. ಒಂದೆಳೆಯಲ್ಲಿ ಬಲೆ ಥರ ಆಗುತ್ತದೆ. ಒಂದೇ ಉಂಡೆ ಇದ್ದರೆ ಒಂದು ತುದಿ ಒಳಗಿನಿಂದ, ಇನ್ನೊಂದು ಹೊರಗಿನಿಂದ ಎಳೆದುಕೊಳ್ಳಿ. ಉಂಡೆ ಕೊಳ್ಳುವಾಗ ಲೇಬಲ್ ಮೇಲೆ ಬಣ್ಣದ ನಂಬರ್ ಜೊತೆ ಲಾಟ್ ನಂಬರನ್ನೂ ನೋಡಿ. ಬಣ್ಣದ ನಂಬರ್ ಒಂದೇ ಇದ್ದು ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಏನೂ ಗೊತ್ತಾಗಲ್ಲ, ಮನೆಗೆ ಬಂದು ಹೆಣೆದ ಮೇಲೆ ಶಾಲಿನ ಮಧ್ಯೆ ಪಟ್ಟೆ ಹೊಡೆದ ಹಾಗೆ ಕಾಣುತ್ತದೆ. ಉಂಡೆಯನ್ನು ಅಂಗಡಿಯ ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡುವುದಕ್ಕೆ ಸಂಕೋಚ ಬೇಡ. ಸೀರೆಗೆ ಹೀಗೇ ಮಾಡುತ್ತೀವಿ ಅಲ್ವಾ?

ಮೊದಲು ಒಂದು ತುಣುಕು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. 10 ಪೆಗ್ ಮೇಲೆ, ನೀವು ಶಾಲಿಗೆ ಹಾಕಬೇಕು ಅಂದುಕೊಂಡ ಹೆಣಿಗೆಯನ್ನೇ, ಸುಮಾರು 5 ಇಂಚು ಉದ್ದ ಹೆಣೆದು ತೆಗೆಯಿರಿ. ಅರ್ಧ ಗಂಟೆ ಸುಮ್ನೆ ಬಿಡಿ, ಪೆಗ್ ಮೇಲಿದ್ದಾಗ ಎಳೆದುಕೊಂಡಿದ್ದ ದಾರ ತನ್ನ ಅಳತೆಗೆ ವಾಪಸ್ ಬರುತ್ತದೆ. ಈಗ ಅಳೆಯಿರಿ, ತೂಕ ಮಾಡಿ.

ಉದಾಹರಣೆಗೆ, ತುಣುಕು 6 ಇಂಚು ಅಗಲ, 5 ಇಂಚು ಉದ್ದ ಬಂತು, 9 ಗ್ರಾಂ ತೂಗಿತು ಅಂದುಕೊಳ್ಳಿ. 10 ಪೆಗ್‌ಗೆ 6 ಇಂಚು, ಅಂದರೆ 18 ಇಂಚಿನ ಶಾಲಿಗೆ 30 ಪೆಗ್. ತುಣುಕಿನ ವಿಸ್ತಾರ 30 ಚದರ ಇಂಚು. ನಿಮ್ಮ ಶಾಲು 20 ಇಂಚು ಅಗಲ, 70 ಇಂಚು ಉದ್ದ ಬೇಕಾದರೆ 1400 ಚದರ ಇಂಚು. 1400ನ್ನು 30ರಿಂದ ಭಾಗಿಸಿ 9ರಿಂದ ಗುಣಿಸಿದರೆ 420 ಗ್ರಾಂ. ಕುಚ್ಚಿಗೆ, ಗಂಟಿಗೆ ಅಂತ ಹತ್ತನೇ ಒಂದು ಪಾಲು ಸೇರಿಸಿ, 462. ನೂರು ಗ್ರಾಮಿನ ಐದು ಉಂಡೆ ತಂದರೆ ಸಾಕು. ದಾರ ಮುಗಿದು ಅದೇ ಲಾಟ್ ಹುಡುಕಿಕೊಂಡು ಮತ್ತೆ ಚಿಕ್ಕಪೇಟೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಬದಲು ಈ ಲೆಕ್ಕ ಎಷ್ಟೋ ವಾಸಿ.

ತುಣುಕನ್ನು ಬಿಚ್ಚಬೇಡಿ. ಇಸ್ತ್ರಿಯ ಹಬೆ, ಬಣ್ಣ ಬಿಡುತ್ತದೋ ಇಲ್ಲವೋ ಎಲ್ಲ ಅದರ ಮೇಲೇ ಪರೀಕ್ಷೆ ಮಾಡಬಹುದು.

ಶುರು ಮಾಡುವುದು, ನಿಟ್, ಪರ್ಲ್

ಅಂಚು ಅಚ್ಚುಕಟ್ಟಾಗಿರಲು ಕ್ರೋಶಾ ಕಡ್ಡಿಯಿಂದ ಸರಪಳಿ ಹಾಕಿ ಶುರು ಮಾಡಿ. ದಾರದ ತುದಿಯಲ್ಲಿ ಜಾರುಗಂಟು ಹಾಕಿ ಕಡ್ಡಿಗೆ ಏರಿಸಿ. ಕಡ್ಡಿ ಲೂಮ್‌ನ ಒಳಗೆ, ದಾರ ಹೊರಗೆ. ಒಂದನೇ ಮತ್ತು ಎರಡನೇ ಪೆಗ್‌ನ ನಡುವೆ ಕಡ್ಡಿಯನ್ನು ಹೊರಕ್ಕೆ ಚಾಚಿ, ದಾರ ಹಿಡಿದು ಒಳಗೆ ಎಳೆದು, ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ತೆಗೆಯಿರಿ. ಒಂದನೇ ಪೆಗ್‌ಗೆ ದಾರ ಸುತ್ತಿಕೊಂಡಿತು. ಹೀಗೇ ಮುಂದುವರಿದು, ಕೊನೆಯ ಪೆಗ್‌ಗೆ ಕಡ್ಡಿಯ ಮೇಲಿನ ಕುಣಿಕೆಯನ್ನೇ ಹಾಕಿಬಿಡಿ. ಕೈ ಬಿಗಿ ಮಾಡಬೇಡಿ.

ನಿಟ್ ಹಾಕಲು ಎರಡು ದಾರಿ ಗೊತ್ತಿದ್ದರೆ ಸಾಕು. ಒಂದು, ಸುತ್ತು ನಿಟ್: ದಾರವನ್ನು ಪೆಗ್‌ನ ಸುತ್ತ ಪೂರ್ತಿ ಒಂದು ಸುತ್ತು ತಂದು, ಕೆಳಗಿನ ಹಳೆಯ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ ಹೊಸ ಸುತ್ತಿನ ಮೇಲಿಂದ ದಾಟಿಸಿ ಒಳಕ್ಕೆ ಬಿಡುವುದು. ವೇಗ, ಜಾಳು, ಸುಲಭ. ಕುಣಿಕೆಯ ಬುಡ ಮಾತ್ರ ತಿರುಚಿಕೊಂಡಿರುತ್ತದೆ. ಇನ್ನೊಂದು, ಯು ನಿಟ್: ದಾರವನ್ನು ಸುತ್ತದೆ ಪೆಗ್‌ನ ಮುಂದೆ ಯು ಆಕಾರದಲ್ಲಿ ತಂದು, ಹಳೆಯ ಕುಣಿಕೆಯನ್ನು ಅದರ ಮೇಲಿಂದ ದಾಟಿಸುವುದು. ಇದು ಸೂಜಿಯಲ್ಲಿ ಹಾಕಿದ ನಿಟ್ ಥರಾನೇ ನೇರವಾಗಿ ಕಾಣುತ್ತದೆ, ಸ್ವಲ್ಪ ಬಿಗಿ. ಬಣ್ಣದ ಪಟ್ಟೆಗಳಿಗೆ ಸುತ್ತು ನಿಟ್, ಉಬ್ಬುತಗ್ಗಿನ ಡಿಸೈನ್‌ಗೆ ಯು ನಿಟ್ ನನಗೆ ಇಷ್ಟ. ಒಂದೇ ಬಟ್ಟೆಯಲ್ಲಿ ಎರಡನ್ನೂ ಬೇಕಾಬಿಟ್ಟಿ ಬೆರೆಸಿದರೆ ಸಾಲುಗಳ ಎತ್ತರ ಏರುಪೇರಾಗುತ್ತದೆ.

ಎಲ್ಲರೂ ಬೇಜಾರು ಮಾಡಿಕೊಳ್ಳುವುದು ಪರ್ಲ್ ಹತ್ತಿರ. ಆದರೆ ಪರ್ಲ್ ಇಲ್ಲದೆ ಉಬ್ಬುತಗ್ಗು ಇಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ದಾರವನ್ನು ಪೆಗ್‌ನ ಮುಂದೆ, ಈಗಿರುವ ಕುಣಿಕೆಗಿಂತ ಕೆಳಗೆ ಹಿಡಿಯಿರಿ. ಪೆಗ್‌ನ ಮುಖದಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು ಇರುತ್ತದೆ, ಕೊಕ್ಕೆಯ ಮೊನೆ ಆ ತೋಡಿನಲ್ಲಿ ಜಾರಿಕೊಂಡು ಕುಣಿಕೆಯೊಳಗೆ ಮೇಲಿನಿಂದ ಕೆಳಕ್ಕೆ ಇಳಿಯಲಿ. ಕೆಳಗಿರುವ ದಾರವನ್ನು ಹಿಡಿದು ಕುಣಿಕೆಯೊಳಗಿಂದ ಮೇಲಕ್ಕೆ ಎಳೆಯಿರಿ. ಒಂದು ಪುಟ್ಟ ಹೊಸ ಕುಣಿಕೆ ಕೈಗೆ ಬರುತ್ತದೆ. ಅದನ್ನು ಎಡಗೈ ಹೆಬ್ಬೆರಳಲ್ಲಿ ಹಿಡಿದುಕೊಂಡು, ಹಳೆಯದನ್ನು ಪೆಗ್‌ನಿಂದ ಪೂರ್ತಿ ತೆಗೆದುಬಿಡಿ, ಹೊಸದನ್ನು ಕೂರಿಸಿ, ದಾರವನ್ನು ಮೆಲ್ಲಗೆ ಎಳೆಯಿರಿ. ಪೆಗ್‌ನ ಬುಡದಲ್ಲಿ ಅಡ್ಡಲಾಗಿ ಒಂದು ಸಣ್ಣ ಗುಬುಟು ಕಾಣಿಸಿತಾ? ಅದೇ ಪರ್ಲ್. ಜಾಸ್ತಿ ಎಳೆದರೆ ಮುಂದಿನ ಸಾಲಿನಲ್ಲಿ ಕೊಕ್ಕೆಯೇ ಒಳಗೆ ಹೋಗಲ್ಲ. ಎರಡೆಳೆ ದಾರದಲ್ಲಿ ಒಂದೆಳೆ ತಪ್ಪಿಸಿಕೊಂಡಿದೆಯಾ ಅಂತ ಪ್ರತಿ ಸಲ ಒಂದು ಕಣ್ಣು ಹಾಕಿ.

ಸೂಜಿಯಲ್ಲಿ ಹೆಣೆದು ಗೊತ್ತಿರುವವರಿಗೆ ಒಂದು ಮಾತು. ಲೂಮ್‌ನಲ್ಲಿ ಬಟ್ಟೆ ತಿರುಗುವುದಿಲ್ಲ. ಮುಂಭಾಗ ಯಾವಾಗಲೂ ನಿಮ್ಮ ಕಡೆಗೇ ಇರುತ್ತದೆ. ಹಾಗಾಗಿ ಸೂಜಿಗೆ ಬರೆದ ನಮೂನೆಯಲ್ಲಿ ಹಿಂಭಾಗದ ಸಾಲುಗಳನ್ನು ಉಲ್ಟಾ ಮಾಡಿಕೊಳ್ಳಬೇಕು: ನಿಟ್ ಇದ್ದರೆ ಪರ್ಲ್, ಪರ್ಲ್ ಇದ್ದರೆ ನಿಟ್, ಓದುವ ಕ್ರಮ ಮಾತ್ರ ಹಾಗೇ ಇರಲಿ. ಸೂಜಿಯಲ್ಲಿ ಬರೀ ನಿಟ್ ಹಾಕಿದರೆ ಬರುವ ಗಾರ್ಟರ್ ಹೆಣಿಗೆ ಲೂಮ್‌ನಲ್ಲಿ ಬೇಕಾದರೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್.

ಅಂಚು ಸುರುಳಿ ಸುತ್ತದ ಹಾಗೆ

ಬರೀ ನಿಟ್ ಸಾಲುಗಳನ್ನು ಹಾಕುತ್ತಾ ಹೋದರೆ ಸ್ಕಾರ್ಫ್ ಎರಡೂ ಕಡೆಯಿಂದ ಸುತ್ತಿಕೊಂಡು ಹಗ್ಗವಾಗುತ್ತದೆ. ಮುಂದೆ, ಹಿಂದೆ ಕುಣಿಕೆಗಳ ಎಳೆತ ಒಂದೇ ಥರ ಇರುವುದಿಲ್ಲ, ಅದಕ್ಕೆ ಹೀಗೆ. ಇಸ್ತ್ರಿ ಹಾಕಿ ಸರಿ ಮಾಡುತ್ತೀನಿ ಅನ್ನುವವರಿದ್ದಾರೆ. ಎರಡು ದಿನ ಸರಿ ಇರುತ್ತದೆ, ಮೂರನೇ ದಿನ ಮತ್ತೆ ಸುತ್ತಿಕೊಳ್ಳುತ್ತದೆ. ಶುರುವಲ್ಲೇ ವ್ಯವಸ್ಥೆ ಮಾಡಬೇಕು. ಎರಡೂ ಅಂಚಿನ ಮೂರು ಮೂರು ಪೆಗ್, ಮತ್ತೆ ಮೊದಲ ಹಾಗೂ ಕೊನೆಯ ಆರು ಸಾಲು ಗಾರ್ಟರ್ ಇರಲಿ, ಅಂದರೆ ಬೆಸ ಸಾಲಿನಲ್ಲಿ ನಿಟ್, ಸಮ ಸಾಲಿನಲ್ಲಿ ಪರ್ಲ್. ಜೊತೆಗೆ ಸಾಲು ತಿರುಗಿದಾಗಲೆಲ್ಲ ಮೊದಲ ಪೆಗ್ ಹೆಣೆಯದೆ ಬಿಟ್ಟು ಎರಡನೆಯದರಿಂದ ಶುರು ಮಾಡಿ, ಕೊನೆಯ ಪೆಗ್‌ಗೆ ಮಾತ್ರ ಯಾವಾಗಲೂ ನಿಟ್. ಅಂಚಿನಲ್ಲಿ ಜಡೆ ಹೆಣೆದ ಹಾಗೆ ಒಂದು ಸಾಲು ಬರುತ್ತದೆ.

ಮೊದಲ ನಮೂನೆ: ಮೆಟ್ರೋ ಸ್ಕಾರ್ಫ್

ಎರಡೆಳೆ ಹೆಣಿಗೆಯ ದೊಡ್ಡ ಲಾಭ ಏನೆಂದರೆ ಬಣ್ಣ ಬೆರೆಸಬಹುದು. ಒಂದು ಬಣ್ಣ ಎರಡೆಳೆ, ಆಮೇಲೆ ಒಂದೆಳೆ ಅದು ಒಂದೆಳೆ ಇದು, ಆಮೇಲೆ ಎರಡನೇ ಬಣ್ಣ ಎರಡೆಳೆ. ಪಟ್ಟೆ ಹೊಡೆದ ಹಾಗೆ ಇರದೆ ಒಂದು ಬಣ್ಣ ಇನ್ನೊಂದಕ್ಕೆ ಜಾರಿದ ಹಾಗಿರುತ್ತದೆ.

ಇದಕ್ಕೆ ನಮ್ಮ ಮೆಟ್ರೋ ನಕ್ಷೆ ಹೇಳಿ ಮಾಡಿಸಿದ ಹಾಗಿದೆ. ನೇರಳೆ ಮತ್ತು ಹಸಿರು ಮಾರ್ಗ ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹಸಿರಿಗೆ ಆರ್.ವಿ. ರೋಡ್‌ನಲ್ಲಿ ಸಿಗುತ್ತದೆ. ಸ್ಕಾರ್ಫ್‌ನ್ನು 12 ಇಂಚಿನ ಐದು ಭಾಗ ಮಾಡಿಕೊಳ್ಳಿ. ಮೊದಲ ಭಾಗ ನೇರಳೆ ಎರಡೆಳೆ. ಎರಡನೆಯದು ನೇರಳೆ ಒಂದು, ಹಸಿರು ಒಂದು. ಇದು ಮೆಜೆಸ್ಟಿಕ್, ಗಿಜಿಗಿಜಿ ಅಂತಿರುತ್ತದೆ. ಮೂರನೆಯದು ಹಸಿರು ಎರಡೆಳೆ. ನಾಲ್ಕನೆಯದು ಹಸಿರು, ಹಳದಿ, ಅಂದರೆ ಆರ್.ವಿ. ರೋಡ್. ಕೊನೆಯದು ಹಳದಿ ಎರಡೆಳೆ. ಒಟ್ಟು 60 ಇಂಚು.

24 ಪೆಗ್‌ನ ಲೂಮ್‌ನಲ್ಲಿ 12 ಪೆಗ್ ಬಳಸಿ, ಪೂರ್ತಿ ಗಾರ್ಟರ್ ಹೆಣಿಗೆ. ಅಗಲ ಸುಮಾರು 7 ಇಂಚು ಬರುತ್ತದೆ, ಅಂಚು ಸುತ್ತಿಕೊಳ್ಳುವುದೂ ಇಲ್ಲ. ದಾರದ ಲೆಕ್ಕವೂ ಸುಲಭ: ನೇರಳೆ ಮೂರು ಪಾಲು, ಹಸಿರು ನಾಲ್ಕು, ಹಳದಿ ಮೂರು. ಇಡೀ ಸ್ಕಾರ್ಫ್ ಮೇಲಿನ ಲೆಕ್ಕದ ಪ್ರಕಾರ 130 ಗ್ರಾಂ ಒಳಗೇ ಇರುತ್ತದೆ, ಗಾರ್ಟರ್ ದಪ್ಪ ಅಂತ ಸ್ವಲ್ಪ ಜಾಸ್ತಿ ಹಿಡಿದರೂ ಬಣ್ಣಕ್ಕೊಂದು ನೂರು ಗ್ರಾಮಿನ ಉಂಡೆ ಧಾರಾಳ.

ಬಣ್ಣ ಆರಿಸುವಾಗ ಒಂದು ಉಪಾಯ. ಮೂರೂ ಉಂಡೆ ಪಕ್ಕಪಕ್ಕ ಇಟ್ಟು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡು ಉಂಡೆ ಒಂದೇ ಬೂದು ಬಣ್ಣಕ್ಕೆ ಬಂದರೆ ಅವೆರಡನ್ನು ಸೇರಿಸಿ ಹೆಣೆದಾಗ ಮಾಸಿದ ಬಟ್ಟೆ ಥರ ಕಾಣುತ್ತದೆ. ಗಾಢ ನೇರಳೆಗೆ ಗಾಢ ಹಸಿರು ಹಾಕಿದರೆ ಹೀಗೇ ಆಗುವುದು. ನೇರಳೆ ತಿಳಿಯಾಗಿ, ಹಸಿರು ಗಾಢವಾಗಿ, ಹಳದಿ ಎಲ್ಲಕ್ಕಿಂತ ತಿಳಿಯಾಗಿರಲಿ.

ಬಣ್ಣ ಬದಲಿಸುವುದು ಯಾವಾಗಲೂ ನಿಟ್ ಸಾಲಿನ ಶುರುವಿನಲ್ಲಿ. ಪರ್ಲ್ ಸಾಲಿನಲ್ಲಿ ಬದಲಿಸಿದರೆ ಹಳೆಯ ಬಣ್ಣದ ಗುಬುಟುಗಳು ಹೊಸ ಬಣ್ಣದ ಮೇಲೆ ಚುಕ್ಕೆ ಚುಕ್ಕೆಯಾಗಿ ಎದ್ದು ನಿಲ್ಲುತ್ತವೆ. ಬೇಕೂಂತಲೇ ಹಾಗೆ ಮಾಡಿದರೆ ಅದೂ ಒಂದು ಡಿಸೈನೇ, ಆದರೆ ಅರ್ಧ ಕಡೆ ಹಾಗೆ ಅರ್ಧ ಕಡೆ ಹೀಗೆ ಇರಬಾರದು. ಹಳೆಯ ದಾರವನ್ನು ಆರು ಇಂಚು ಬಿಟ್ಟು ಕತ್ತರಿಸಿ, ಹೊಸದನ್ನೂ ಆರು ಇಂಚು ಬಿಟ್ಟು ಶುರು ಮಾಡಿ. ಅಲ್ಲೇ ದಪ್ಪ ಗಂಟು ಹಾಕಬೇಡಿ, ಕತ್ತಿಗೆ ಒತ್ತುತ್ತದೆ.

ಎರಡನೆಯದು: ಇಳಕಲ್ ಸೆರಗಿನ ಶಾಲು

ಇಳಕಲ್ ಸೀರೆಯ ಟೋಪ್ ತೆನಿ ಸೆರಗು ನೋಡಿದವರಿಗೆ ಆ ಕೆಂಪು-ಬಿಳಿ ಹಲ್ಲುಗಳ ಸಾಲು ಮರೆಯುವಂಥದ್ದಲ್ಲ. ನೇಕಾರರ ಆ ಕೆಲಸ ನಮ್ಮ ಪ್ಲಾಸ್ಟಿಕ್ ಬಳೆಯಲ್ಲಿ ಬರುವುದಿಲ್ಲ, ಆ ಭ್ರಮೆ ಬೇಡ. ಆದರೆ ಆ ಬಣ್ಣಗಳ ಜೋಡಣೆಯನ್ನೂ ಹಲ್ಲಿನ ಆಕಾರವನ್ನೂ ಸಾಲ ತರಬಹುದು. ಪೆಗ್ ಬಿಡುವುದು ಅನ್ನುವ ಒಂದೇ ಒಂದು ಯುಕ್ತಿ ಸಾಕು: ಕೆಲವು ಪೆಗ್‌ಗಳನ್ನು ಹೆಣೆಯದೆ, ದಾರವನ್ನು ಅವುಗಳ ಹಿಂದಿನಿಂದ, ಅಂದರೆ ಲೂಮ್‌ನ ಒಳಬದಿಯಿಂದ ದಾಟಿಸಿಕೊಂಡು ಹೋಗುವುದು. ಬಿಟ್ಟ ಕುಣಿಕೆ ಹಳೆಯ ಬಣ್ಣದಲ್ಲೇ ಉಳಿದು, ಉದ್ದಕ್ಕೆ ಎಳೆದುಕೊಂಡು ಹೊಸ ಬಣ್ಣದ ಮೇಲೆ ಹಲ್ಲಿನ ಹಾಗೆ ನಿಲ್ಲುತ್ತದೆ. ಒಂದು ಸಾಲಿನಲ್ಲಿ ಒಂದೇ ಬಣ್ಣದ ದಾರ ಕೈಯಲ್ಲಿರುವುದರಿಂದ ಗೋಜಲೂ ಇಲ್ಲ.

29 ಪೆಗ್ ಬೇಕು, 31 ಪೆಗ್‌ನ ಲೂಮ್ ಸರಿಹೋಗುತ್ತದೆ. ಅಂಚಿಗೆ ಮೂರು ಮೂರು, ನಡುವೆ 23. ಸೆರಗಿನಿಂದ ಶುರು ಮಾಡೋಣ.

ಕೆಂಪಿನಲ್ಲಿ ಆರು ಸಾಲು ಗಾರ್ಟರ್. ಇದಾದ ಮೇಲೆ ಬರುವ ಎಲ್ಲ ಸಾಲಿನಲ್ಲೂ ಅಂಚಿನ ಮೂರು ಪೆಗ್ ಗಾರ್ಟರ್‌ನಲ್ಲೇ ಮುಂದುವರಿಯುತ್ತವೆ, ನಾನು ಹೇಳುವುದು ನಡುವಿನ 23ಕ್ಕೆ.

1 ಮತ್ತು 2ನೇ ಸಾಲು: ಬಿಳಿ, ಎಲ್ಲ ನಿಟ್.

3 ಮತ್ತು 4: ಕೆಂಪು. ಮೂರು ನಿಟ್, ಒಂದು ಬಿಡು. ಹೀಗೇ ಹೋಗಿ ಕೊನೆಗೆ ಮೂರು ನಿಟ್. ವಾಪಸ್ ಬರುವಾಗ ಬಿಟ್ಟ ಪೆಗ್‌ಗಳನ್ನೇ ಮತ್ತೆ ಬಿಡಿ.

5 ಮತ್ತು 6: ಕೆಂಪು, ಎಲ್ಲ ನಿಟ್.

ಈ ಆರು ಸಾಲನ್ನು ಸೆರಗು 10 ಇಂಚು ಆಗುವವರೆಗೆ ಮಾಡಿ. ಬಿಳಿ ದಾರವನ್ನು ಪ್ರತಿ ಸಲ ಕತ್ತರಿಸಬೇಕಾಗಿಲ್ಲ, ಅಂಚಿನಲ್ಲಿ ಎರಡು ಸಾಲಿಗೊಮ್ಮೆ ಕೆಂಪಿನ ಜೊತೆ ಒಂದು ತಿರುವು ಹಾಕಿಕೊಂಡು ಮೇಲಕ್ಕೆ ಒಯ್ಯಿರಿ, ಸಡಿಲವಾಗಿ. ಹಲ್ಲು ಇನ್ನೂ ಉದ್ದ ಬರಲಿ ಅಂತ ಮೂರು ನಾಲ್ಕು ಸಾಲು ಪೆಗ್ ಬಿಡಬೇಡಿ. ಆ ಕುಣಿಕೆ ಪೆಗ್‌ನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಅಂದರೆ ಕೊಕ್ಕೆ ತೂರಿಸಲು ಹೋಗಿ ದಾರದ ಎಳೆಯೇ ಸೀಳುತ್ತದೆ.

ಸೆರಗು ಮುಗಿದ ಮೇಲೆ ಒಡಲು. ಕಡುಹಸಿರು, ಕಡುನೀಲಿ, ದಾಳಿಂಬೆ ಬಣ್ಣ, ಯಾವುದಾದರೂ ಒಂದೇ. ಸಾದಾ ನಿಟ್, ಅಂಚಿನ ಮೂರು ಪೆಗ್ ಗಾರ್ಟರ್. ಇಲ್ಲಿ ಕೈ ತುರಿಸುತ್ತದೆ, ನಡುವೆ ಒಂದು ಬುಟ್ಟಿ ಡಿಸೈನ್ ಹಾಕಿಬಿಡೋಣ ಅನ್ನಿಸುತ್ತದೆ. ಬೇಡ. ಸೆರಗು ಕಾಣಬೇಕಾದರೆ ಒಡಲು ತೆಪ್ಪಗಿರಬೇಕು. ಒಟ್ಟು 70 ಇಂಚು ಬರಲು ಇನ್ನೇನು ಆರು ಸಾಲು ಬಾಕಿ ಇದೆ ಅನ್ನುವಾಗ ಕೆಂಪಿಗೆ ತಿರುಗಿ ಗಾರ್ಟರ್‌ನಲ್ಲಿ ಮುಗಿಸಿ. ಇನ್ನೊಂದು ತುದಿಯಲ್ಲೂ ಹಲ್ಲು ಬೇಡ, ಸೀರೆಗೂ ಸೆರಗು ಒಂದೇ ಕಡೆ ತಾನೆ.

ಕೆಂಪು ಹತ್ತಿ ದಾರವಾದರೆ ಮೊದಲೇ ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬಿಳಿಯ ಪಕ್ಕ ಅದನ್ನು ಇಡಲೇಬೇಡಿ.

ಮೂರನೆಯದು: ಒಂದೇ ಬಣ್ಣ, ಪೂರ್ತಿ ಉಬ್ಬುತಗ್ಗು

ಇಲ್ಲಿಗೆ ತಿಳಿಬೂದು, ಕೆನೆ, ತಿಳಿಗುಲಾಬಿ ಥರದ ಒಂದು ಬಣ್ಣ ತಗೊಳ್ಳಿ. ಯು ನಿಟ್ ಬಳಸಿ.

ಬುಟ್ಟಿ ಹೆಣಿಗೆ: ಅಂಚು ಬಿಟ್ಟು ನಡುವೆ 20 ಅಥವಾ 28 ಪೆಗ್. ನಾಲ್ಕು ನಿಟ್, ನಾಲ್ಕು ಪರ್ಲ್, ಮತ್ತೆ ನಾಲ್ಕು ನಿಟ್, ಹೀಗೆ ಆರು ಸಾಲು, ನಿಟ್ ಪೆಗ್ ಮೇಲೆ ನಿಟ್, ಪರ್ಲ್ ಮೇಲೆ ಪರ್ಲ್. ಮುಂದಿನ ಆರು ಸಾಲಿನಲ್ಲಿ ಅದಲುಬದಲು. ನಾಲ್ಕು ಪೆಗ್‌ಗೆ ನಾಲ್ಕು ಸಾಲು ಯಾಕಲ್ಲ ಅಂದರೆ, ಲೂಮ್‌ನ ಕುಣಿಕೆ ಎತ್ತರಕ್ಕಿಂತ ಅಗಲ ಜಾಸ್ತಿ. ನಾಲ್ಕು ಸಾಲಿಗೇ ನಿಲ್ಲಿಸಿದರೆ ಚೌಕ ಚಪ್ಪಟೆಯಾಗುತ್ತದೆ. ನಿಮ್ಮ ತುಣುಕು ನೋಡಿ ಐದೋ ಆರೋ ತೀರ್ಮಾನಿಸಿ. ಬಟ್ಟೆ ದಪ್ಪ ಬರುತ್ತದೆ, ಶಾಲಿಗಿಂತ ಸ್ಕಾರ್ಫಿಗೆ ವಾಸಿ.

ಕಾಳು ಹೆಣಿಗೆ ನನಗೆ ಎಲ್ಲಕ್ಕಿಂತ ಇಷ್ಟ. ಬೆಸ ಸಂಖ್ಯೆಯ ಪೆಗ್. ಮೊದಲ ಸಾಲು ನಿಟ್, ಪರ್ಲ್, ನಿಟ್, ಪರ್ಲ್. ಎರಡನೇ ಸಾಲಿನಲ್ಲಿ ನಿಟ್ ಇದ್ದ ಕಡೆ ಪರ್ಲ್, ಪರ್ಲ್ ಇದ್ದ ಕಡೆ ನಿಟ್. ಎರಡೂ ಮುಖ ಒಂದೇ ಥರ, ಸುತ್ತಿಕೊಳ್ಳಲ್ಲ, ಅಂಚಿಗೆ ಬೇರೆ ಹೆಣಿಗೆಯೂ ಬೇಡ. ನಿಧಾನ ಅನ್ನೋದೊಂದೇ ತೊಂದರೆ.

ತೂತಿನ ಸಾಲು ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದ್ದು, ಗಾಳಿಯೂ ಆಡುತ್ತದೆ, ದಾರವೂ ಉಳಿಯುತ್ತದೆ. ಅಂಚಿನ ಪೆಗ್ ದಾಟಿದ ಮೇಲೆ ಎರಡೆರಡು ಪೆಗ್ ಜೋಡಿ ಮಾಡಿಕೊಳ್ಳಿ. ಜೋಡಿಯ ಎರಡನೇ ಪೆಗ್‌ನ ಕುಣಿಕೆಯನ್ನು ಎತ್ತಿ ಮೊದಲ ಪೆಗ್ ಮೇಲೆ ಹಾಕಿ. ಆ ಪೆಗ್‌ನಲ್ಲಿ ಈಗ ಎರಡು ಕುಣಿಕೆ. ನಿಟ್ ಹಾಕುವಾಗ ಎರಡನ್ನೂ ಒಟ್ಟಿಗೆ ದಾಟಿಸಿ. ಖಾಲಿಯಾದ ಪೆಗ್‌ಗೆ ದಾರ ಒಂದು ಸುತ್ತು ಸುತ್ತಿ ಮುಂದೆ ಹೋಗಿ, ಅಲ್ಲಿ ದಾಟಿಸಲು ಏನೂ ಇರುವುದಿಲ್ಲ. ಮುಂದಿನ ಸಾಲು ಎಲ್ಲ ನಿಟ್, ತೂತು ತಾನಾಗೇ ಬರುತ್ತದೆ. ಆರು ಸಾಲು ಸಾದಾ, ಒಂದು ತೂತಿನ ಸಾಲು, ಮತ್ತೆ ಸಾದಾ. ಪೆಗ್‌ಗಳ ಲೆಕ್ಕ ಮೊದಲಿನಷ್ಟೇ ಇದೆಯಾ ಅಂತ ತೂತಿನ ಸಾಲಾದ ಮೇಲೆ ಒಂದು ಸಲ ಎಣಿಸಿಬಿಡಿ.

ಇನ್ನೊಂದು ಇದೆ, ಸ್ವಲ್ಪ ಧೈರ್ಯ ಬೇಕು. ಶಾಲು ಪೂರ್ತಿ ಹೆಣೆದು ಮುಗಿಸುವ ಹೊತ್ತಿಗೆ, ಆರು ಪೆಗ್‌ಗೊಂದರಂತೆ ಕುಣಿಕೆಯನ್ನು ಬೇಕೂಂತಲೇ ಜಾರಿಸಿಬಿಡುವುದು! ಆ ಕುಣಿಕೆ ಸಾಲು ಸಾಲಾಗಿ ಕೆಳಗೆ ಬಿಚ್ಚಿಕೊಂಡು ಹೋಗಿ ಏಣಿ ಥರದ ಜಾಲರಿ ಬಿಡುತ್ತದೆ, ಶುರುವಿನ ಸರಪಳಿ ಹತ್ತಿರ ನಿಲ್ಲುತ್ತದೆ. ಶಾಲು ನೋಡನೋಡುತ್ತಾ ಅಗಲವಾಗುತ್ತದೆ. ಬಿಚ್ಚಬೇಕಾದ ಪೆಗ್‌ಗಳಿಗೆ ಮೊದಲೇ ಒಂದೊಂದು ಬಣ್ಣದ ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿ, ಅಲ್ಲಿ ಯು ನಿಟ್ ಮಾತ್ರ. ಅದರ ಎಡಬಲದ ಪೆಗ್‌ಗಳಿಗೆ ಸುತ್ತು ನಿಟ್. ತಿರುಚಿದ ಕುಣಿಕೆ ಏಣಿಯ ಎರಡೂ ಬದಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎರಡನ್ನೂ ಬೆರೆಸಬೇಡಿ ಅಂದಿದ್ದೆ, ಇಲ್ಲಿ ಮಾತ್ರ ವಿನಾಯಿತಿ. ಕೆಳಗಿನ ಅಂಚಿನವರೆಗೂ ಬಿಚ್ಚುವುದು ಬೇಡವೆಂದರೆ ಬೇಕಾದ ಕಡೆ ಕುಣಿಕೆಗೆ ಪಿನ್ನು ಹಾಕಿ, ಅದೇ ಬಣ್ಣದ ದಾರದಲ್ಲಿ ಹಿಂಬದಿಗೆ ಹೊಲಿದು ನಿಲ್ಲಿಸಿ.

ಮೂರು ಮೂಲೆಯ ಶಾಲು ಬೇಕು ಅನ್ನುವವರಿಗೆ: ತುದಿಯಿಂದ ಶುರು ಮಾಡಿ ಎರಡೂ ಕಡೆ ಪೆಗ್ ಹೆಚ್ಚಿಸುತ್ತಾ ಹೋದರೆ 41 ಪೆಗ್‌ಗೆ 24 ಇಂಚಿನಲ್ಲೇ ಲೂಮ್ ಮುಗಿದುಹೋಗುತ್ತದೆ, ಕತ್ತಿಗೆ ಕಟ್ಟುವ ಕರವಸ್ತ್ರ ಆಗುತ್ತದೆ ಅಷ್ಟೆ. ಅದರ ಬದಲು ಅಡ್ಡಡ್ಡ ಹೆಣೆಯಿರಿ. ಮೂರು ಪೆಗ್‌ನಿಂದ ಶುರು, ಒಂದೇ ಅಂಚಿನಲ್ಲಿ ಎರಡು ಸಾಲಿಗೊಮ್ಮೆ ಪಕ್ಕದ ಖಾಲಿ ಪೆಗ್‌ಗೆ ಒಂದು ಸುತ್ತು ಹಾಕಿ ಹೆಚ್ಚಿಸುತ್ತಾ ಹೋಗಿ. ಪೆಗ್‌ಗಳು ಮುಗಿದ ಮೇಲೆ ಅದೇ ಅಂಚಿನಲ್ಲಿ ಎರಡೆರಡು ಕುಣಿಕೆ ಒಂದು ಮಾಡುತ್ತಾ ಇಳಿಸಿ. ಆಗ 24 ಇಂಚು ಅನ್ನುವುದು ಬೆನ್ನ ಮೇಲಿನ ಇಳಿತ ಆಗುತ್ತದೆ, ಉದ್ದ ಎಷ್ಟು ಬೇಕಾದರೂ ಬಿಡಬಹುದು.

ಲೂಮ್‌ನಿಂದ ಇಳಿಸುವುದು, ಕುಚ್ಚು ಕಟ್ಟುವುದು

ಮೊದಲ ಎರಡು ಪೆಗ್‌ಗೆ ನಿಟ್ ಹಾಕಿ. ಎರಡನೆಯದರ ಕುಣಿಕೆಯನ್ನು ಮೊದಲನೆಯದರ ಮೇಲೆ ಇಟ್ಟು, ಕೆಳಗಿನದನ್ನು ಮೇಲಿನದರ ಮೇಲಿಂದ ದಾಟಿಸಿ. ಉಳಿದ ಕುಣಿಕೆಯನ್ನು ಎರಡನೇ ಪೆಗ್‌ಗೆ ವಾಪಸ್ ಹಾಕಿ. ಮೂರನೆಯದಕ್ಕೆ ನಿಟ್, ಮತ್ತೆ ಅದೇ ಕ್ರಮ. ಕೊನೆಯ ಕುಣಿಕೆಯೊಳಗೆ ದಾರ ಎಳೆದು ಬಿಗಿ ಮಾಡಿ. ಕೈ ಎಷ್ಟು ಸಡಿಲ ಅಂದುಕೊಂಡಿದ್ದೀರೋ ಅದಕ್ಕಿಂತ ಇನ್ನೂ ಸ್ವಲ್ಪ ಸಡಿಲ ಇರಲಿ. ಇಲ್ಲದಿದ್ದರೆ ಶಾಲಿನ ಒಂದು ತುದಿ ಅಗಲ, ಇನ್ನೊಂದು ತುದಿ ಚೀಲದ ಬಾಯಿ. ಏಣಿ ಬಿಟ್ಟ ಪೆಗ್ ಬಂದಾಗ ಖಾಲಿ ಪೆಗ್‌ಗೆ ಒಂದು ಸುತ್ತು ಹಾಕಿ ಅದನ್ನೇ ಕುಣಿಕೆ ಅಂತ ಲೆಕ್ಕ ಹಿಡಿಯಿರಿ.

ಬಾಲದ ದಾರಗಳನ್ನು ಸೂಜಿಯಿಂದ ಹಿಂಬದಿಯಲ್ಲಿ ಅದೇ ಬಣ್ಣದ ಭಾಗಕ್ಕೆ ಒಂದು ಕಡೆ ಎರಡು ಇಂಚು, ಮತ್ತೆ ತಿರುಗಿಸಿ ಒಂದು ಇಂಚು ತೂರಿಸಿ ಕತ್ತರಿಸಿ. ಅಕ್ರಿಲಿಕ್ ಆದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಲೇಬೇಡಿ. ಬಟ್ಟೆಯಿಂದ ಒಂದು ಇಂಚು ಮೇಲೆ ಹಿಡಿದು ಹಬೆ ಮಾತ್ರ ಬಿಡಿ. ಹಬೆ ತಗುಲಿದ ಅಕ್ರಿಲಿಕ್ ಬಿರುಸು ಬಿಟ್ಟು ಇಳಿಬೀಳುತ್ತದೆ, ಮತ್ತೆ ಮೊದಲಿನಂತೆ ಪುಟಿಯುವುದಿಲ್ಲ. ಶಾಲಿಗೆ ಒಳ್ಳೆಯದು, ಬುಟ್ಟಿ ಹೆಣಿಗೆಗೆ ಕೆಟ್ಟದ್ದು. ಮೊದಲು ತುಣುಕಿನ ಮೇಲೆ ನೋಡಿ.

ಕುಚ್ಚಿಗೆ ನಮ್ಮೂರಲ್ಲಿ ಕೊರತೆಯೇ ಇಲ್ಲ. ಸೀರೆಗೆ ಕುಚ್ಚು ಕಟ್ಟಿಕೊಡುವವರು ಬೀದಿಗೊಬ್ಬರಾದರೂ ಇರುತ್ತಾರೆ, ಶಾಲು ತೋರಿಸಿ, ಮಿಕ್ಕಿದ ಉಲ್ಲನ್ನೇ ಕೊಟ್ಟು, "ಆಂಟಿ, ರೇಷ್ಮೆ ದಾರ ಬೇಡ, ಇದರಲ್ಲೇ ಕಟ್ಟಿಕೊಡಿ" ಅಂದರೆ ಮೊದಲು ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಮಣಿಯನ್ನೂ ಸೇರಿಸಲಾ ಅಂತ ಅವರೇ ಕೇಳುತ್ತಾರೆ. ನೀವೇ ಕಟ್ಟುವುದಾದರೆ 12 ಇಂಚಿನ ನಾಲ್ಕು ಎಳೆ ಒಟ್ಟಿಗೆ ಮಡಚಿ, ಕ್ರೋಶಾ ಕಡ್ಡಿಯಿಂದ ಅಂಚಿನ ತೂತಿನಲ್ಲಿ ಮಡಿಕೆಯನ್ನು ಎಳೆದು, ಬಾಲಗಳನ್ನು ಅದರೊಳಗೆ ತೂರಿಸಿ ಬಿಗಿ ಮಾಡಿ. ಎರಡು ಪೆಗ್‌ಗೊಂದು ಕುಚ್ಚು ಸಾಕು. ಇಳಕಲ್ ಶಾಲಿಗೆ ಸೆರಗಿನ ಕಡೆ ಕೆಂಪು-ಬಿಳಿ ಬೆರೆಸಿ ಕಟ್ಟಿ, ಮೆಟ್ರೋ ಸ್ಕಾರ್ಫಿಗೆ ಆಯಾ ತುದಿಯ ಬಣ್ಣವೇ ಇರಲಿ.

ತೊಳೆಯುವಾಗ ತಣ್ಣೀರು, ಮೆದು ಸೋಪು, ಹಿಂಡಬಾರದು. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ತಾರಸಿಯ ನೆರಳಿನಲ್ಲಿ ಚಾಪೆ ಮೇಲೆ ಹರಡಿ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಎಳೆದುಕೊಂಡು 70 ಇಂಚಿನ ಶಾಲು ಇನ್ನೂ ಉದ್ದವಾಗಿ, ಅಗಲ ಕಮ್ಮಿಯಾಗುತ್ತದೆ. ಬೀರುವಿನಲ್ಲೂ ಹ್ಯಾಂಗರ್ ಬೇಡ, ಮಡಚಿಡಿ. ಉಣ್ಣೆಯದ್ದಾದರೆ ಮಾತ್ರ ಒಂದೆರಡು ನುಸಿಗುಳಿಗೆ ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿ ಇಡಿ.